ಮಕರ ನುಂಗುವುದೋ, ಕಾಯುವುದೋ?

ಪ್ರಶ್ನೆ: ನಮ್ಮ ಅತ್ತೆಯವರು ತೀರಿಕೊಂಡು ಒಂದು ವರ್ಷವಾಯಿತು. ಅವರು ಪೂಜೆ ಮಾಡಿಕೊಂಡು ಬಂದ ವೆಂಕಟರಮಣಸ್ವಾಮಿಯ ವಿಗ್ರಹವೂ ಅದರ ಹಿಂದೆ ನಿಲ್ಲಿಸುವ ಹಿತ್ತಾಳೆ ಪ್ರಭಾವಳಿಯೂ ನಮ್ಮ ದೇವರ ಮನೆಯಲ್ಲಿವೆ. ಪ್ರಭಾವಳಿಯ ಎರಡೂ ಕಡೆ ಬಾಯಿ ತೆರೆದ ಮೊಸಳೆಯಂಥ ಮುಖ, ಮೇಲೆ ನಡುವೆ ಕೋರೆಹಲ್ಲಿನ ಇನ್ನೊಂದು ಮುಖ. ಈಚೆಗೆ ವಾಸ್ತು ನೋಡುವವರೊಬ್ಬರು ಬಂದಿದ್ದರು. "ಇದು ಮಕರ. ನಿಮ್ಮ ಮಗನದು ಮಕರ ರಾಶಿ. ಮಕರ ರಾಶಿಯ ಹುಡುಗ ಇರುವ ಮನೆಯಲ್ಲಿ ಮಕರದ ಬಾಯಿ ಇರಕೂಡದು, ನೀರಿನ ಗಂಡಾಂತರ. ಇದನ್ನು ಪಾತ್ರೆ ಅಂಗಡಿಗೆ ಹಾಕಿ, ಒಂದು ಹೋಮ ಮಾಡಿಸಿ" ಅಂದರು. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಬೀಳುವ ಮಕರದ ಬಾಯಿಯನ್ನು ದಾಟಬಾರದು ಅನ್ನುವುದೂ ಇದಕ್ಕೇ ಅಂತೆ. ಹುಡುಗನಿಗೆ ಹನ್ನೊಂದು ವರ್ಷ, ಶ್ರವಣ ನಕ್ಷತ್ರ. ಅವನು ಈ ಮಾತು ಕೇಳಿಸಿಕೊಂಡಿದ್ದಾನೆ. ಆವತ್ತಿನಿಂದ ದೇವರ ಮನೆಗೆ ಬರುವುದಿಲ್ಲ. "ಅಮ್ಮಾ, ಅದು ನನ್ನ ನುಂಗುತ್ತಾ?" ಅಂತ ರಾತ್ರಿ ಕೇಳುತ್ತಾನೆ. ನಮ್ಮ ಅಡಿಕೆ ತೋಟದಲ್ಲಿ ಕೃಷಿ ಹೊಂಡ ಇದೆ, ಅದಕ್ಕೆ ನನಗೂ ಭಯ. ಅತ್ತೆಯವರ ವಸ್ತು ಮಾರಲು ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
— ಒಬ್ಬ ಓದುಗ ಸಹೋದರಿ, ಚಿಕ್ಕಜಾಜೂರು

ಉತ್ತರ: ತಾಯೀ, ನಿಮ್ಮ ಕಾಗದದಲ್ಲಿ ಮೂರು ನಾಲ್ಕು ಪ್ರಶ್ನೆಗಳಿವೆ. ಆದರೆ ನಡುರಾತ್ರಿಯಲ್ಲಿ ಕೇಳಿದ ಪ್ರಶ್ನೆ ಒಂದೇ. ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಇಲ್ಲ, ಅದು ನಿಮ್ಮ ಮಗನನ್ನು ನುಂಗುವುದಿಲ್ಲ. ಪ್ರಭಾವಳಿಯನ್ನು ಮಾರಬೇಡಿ. ಈ ಕಾರಣಕ್ಕಾಗಿ ಹೋಮವೂ ಬೇಕಾಗಿಲ್ಲ. ಬರಿಯ ಧೈರ್ಯದ ಮಾತಿನಿಂದ ಭಯ ಹೋಗುವುದಿಲ್ಲ, ತಿಳಿದರೆ ಹೋಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಓದಿ ಮುಗಿಸಿದ ಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನಿಗೂ ಹೇಳಿ.

ನಿಮ್ಮೂರು ರೈಲ್ವೆ ಜಂಕ್ಷನ್. ಒಂದು ಹಳಿ ಬೀರೂರಿನ ಕಡೆಗೆ, ಒಂದು ದಾವಣಗೆರೆ ಕಡೆಗೆ, ಇನ್ನೊಂದು ಚಿತ್ರದುರ್ಗದ ಮೇಲೆ ಬಳ್ಳಾರಿಯ ಕಡೆಗೆ. ಸ್ಟೇಷನ್ ಒಂದೇ, ದಾರಿಗಳು ಬೇರೆ. ದಾವಣಗೆರೆಗೆ ಹೋಗಬೇಕಾದವರು ಚಿತ್ರದುರ್ಗದ ಗಾಡಿ ಹತ್ತಿ, "ನಾನು ಹತ್ತಿದ್ದು ಚಿಕ್ಕಜಾಜೂರಿನಲ್ಲೇ ಅಲ್ಲವೇ" ಅಂದರೆ ಆದೀತೇ? ನಮ್ಮ ಸಂಸ್ಕೃತಿಯಲ್ಲಿ ಕೆಲವು ಪದಗಳೂ ಹೀಗೇ, ಜಂಕ್ಷನ್ ಇದ್ದ ಹಾಗೆ. ಮಕರ ಅಂಥ ಪದ. ನಿಮ್ಮ ಮನೆಗೆ ಬಂದವರು ರಾಶಿಯ ಗಾಡಿ ಹತ್ತಿ, ಮೊಸಳೆಯ ಊರಿನಲ್ಲಿ ಇಳಿದಿದ್ದಾರೆ. ತಪ್ಪು ಅಲ್ಲಿ ಆಗಿರುವುದು.

ಮೊದಲು ಪ್ರಾಣಿಯನ್ನೇ ನೋಡೋಣ. ಕನ್ನಡದಲ್ಲಿ ಮಕರ ಅಂದರೆ ಮೊಸಳೆ ಅಂತ ಸಾಮಾನ್ಯವಾಗಿ ಅರ್ಥ ಹೇಳುತ್ತೇವೆ. ತಪ್ಪೇನಿಲ್ಲ. ಹಿಂದಿಯಲ್ಲಿ ಮೊಸಳೆಗೆ ಮಗರ್ ಅನ್ನುವುದು ಇದೇ ಪದದಿಂದ. ರಂಗನತಿಟ್ಟಿನಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತ ಬಿದ್ದಿರುವ ಜಾತಿಗೆ ಇಂಗ್ಲಿಷಿನಲ್ಲಿ ಮಗ್ಗರ್ ಅನ್ನುವುದೂ ಅದರಿಂದಲೇ ಬಂದದ್ದು. ಆದರೆ ದೇವಸ್ಥಾನದಲ್ಲಿ ಕಾಣುವ ಮಕರ ಆ ಮೊಸಳೆಯಲ್ಲ. ನಿಮ್ಮ ಪ್ರಭಾವಳಿಯನ್ನೇ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಮೂತಿ ಆನೆಯ ಸೊಂಡಿಲಿನ ಹಾಗೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿರಬಹುದು. ಬಾಯಿ ಮೊಸಳೆಯದು, ಕಾಲು ಸಿಂಹದ್ದು, ಮೈ ಮೀನಿನದು. ಹೊಯ್ಸಳ ಶಿಲ್ಪಿಗಳಾದರೆ ಹಿಂದುಗಡೆ ನವಿಲಿನ ಹಾಗೆ ಹರಡಿಕೊಂಡ ಬಾಲವನ್ನೂ ಕೊಟ್ಟಿದ್ದಾರೆ. ಇಂಥ ಪ್ರಾಣಿ ಯಾವ ಕೆರೆಯಲ್ಲೂ ಇಲ್ಲ, ಯಾವ ಹೊಂಡದಲ್ಲೂ ಇಲ್ಲ. ನೆಲದ ಬಲ, ನೀರಿನ ಬಲ, ಎರಡನ್ನೂ ಒಂದೇ ಮೈಯಲ್ಲಿ ತೋರಿಸಬೇಕು ಅಂತ ನಮ್ಮ ಹಿರಿಯರು ಕಲ್ಪಿಸಿಕೊಂಡ ರೂಪ ಅದು.

ಈ ರೂಪಕ್ಕೆ ಒಂದು ಹೆಸರು ಬಂದ ಮೇಲೆ ಆ ಹೆಸರು ಹತ್ತು ಕಡೆಗೆ ಹರಿಯಿತು. ಸಮುದ್ರಕ್ಕೆ ಮಕರಾಲಯ ಅಂದರು. ಮನ್ಮಥನ ಬಾವುಟದಲ್ಲಿ ಮಕರ ಇದೆ, ಆದ್ದರಿಂದ ಅವನು ಮಕರಧ್ವಜ. ಆಯುರ್ವೇದದಲ್ಲಿ ಪಾದರಸ, ಗಂಧಕ, ಚಿನ್ನ ಸೇರಿಸಿ ಮಾಡುವ ಒಂದು ಔಷಧಕ್ಕೂ ಮಕರಧ್ವಜ ಅಂತಲೇ ಹೆಸರು. ಕುಬೇರನ ನವನಿಧಿಗಳಲ್ಲಿ ಒಂದರ ಹೆಸರು ಮಕರ. ಮಹಾಭಾರತದ ಭೀಷ್ಮಪರ್ವದಲ್ಲಿ ಸೇನೆಯನ್ನು ನಿಲ್ಲಿಸುವ ಒಂದು ಕ್ರಮ ಮಕರವ್ಯೂಹ. ಯೋಗಾಭ್ಯಾಸ ಮಾಡುವವರು ಬೋರಲು ಮಲಗಿ ವಿಶ್ರಾಂತಿ ತೆಗೆದುಕೊಳ್ಳುವುದು ಮಕರಾಸನ. ಜೈನರಲ್ಲಿ ಒಂಬತ್ತನೆಯ ತೀರ್ಥಂಕರ ಪುಷ್ಪದಂತರ ಲಾಂಛನ ಮಕರ. ಇವೆಲ್ಲ ಒಂದೇ ಪದ. ಹಾಗಂತ ಮಕರಾಸನ ಹಾಕಿದವನನ್ನು ಮೊಸಳೆ ಹಿಡಿಯುತ್ತದೆಯೇ? ಮಕರಧ್ವಜ ಸೇವಿಸಿದವನು ಯುದ್ಧಕ್ಕೆ ನಿಲ್ಲಬೇಕೇ? ಕೇಳಿದರೇ ನಗು ಬರುತ್ತದೆ. ರಾಶಿಯ ಮಕರಕ್ಕೂ ಪ್ರಭಾವಳಿಯ ಮಕರಕ್ಕೂ ಗಂಟು ಹಾಕುವುದು ಅಂಥದೇ ಕೆಲಸ. ಆದರೆ ಅಲ್ಲಿ ಮಗುವಿನ ವಿಷಯ ಸೇರಿಕೊಂಡದ್ದರಿಂದ ನಮಗೆ ನಗು ಬರುವುದಿಲ್ಲ, ಭಯ ಬರುತ್ತದೆ.

ಇನ್ನು ಕೆಲವರು ಪಂಚಮಕಾರದ ಹೆಸರು ತೆಗೆದು ಹೆದರಿಸುವುದೂ ಉಂಟು. ಅದು ಮಕಾರ, 'ಮ' ಅಕ್ಷರ ಅಂತ ಅರ್ಥ. ಒಂದು ದೀರ್ಘ ಹೆಚ್ಚಾದರೆ ಪದವೇ ಬೇರೆ. ಹೂವಿನ ಮಕರಂದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ರಾಶಿಯ ಮಾತು. ಆಕಾಶದಲ್ಲಿ ಸೂರ್ಯ ಚಂದ್ರರು ನಡೆಯುವ ದಾರಿಯನ್ನು 12 ಸಮಭಾಗ ಮಾಡಿದ್ದಾರೆ. ಒಂದೊಂದು ಭಾಗ 30 ಅಂಶ. ಅದರಲ್ಲಿ ಹತ್ತನೆಯದು ಮಕರ. ಗುರುತಿಗೆ ಒಂದು ಹೆಸರು ಬೇಕಲ್ಲ, ಇಟ್ಟರು. ವರಾಹಮಿಹಿರರ ಬೃಹಜ್ಜಾತಕದಲ್ಲಿ ಈ ರಾಶಿಯ ಮಕರಕ್ಕೆ ಜಿಂಕೆಯ ಮುಖ ಹೇಳಿದೆ. ಬ್ಯಾಬಿಲೋನಿನವರು ಇದೇ ಭಾಗವನ್ನು ಆಡಿನ ಮುಂಭಾಗ, ಮೀನಿನ ಬಾಲ ಇರುವ ಪ್ರಾಣಿಯಾಗಿ ಕಂಡರು. ನೋಡಿ, ರಾಶಿಯ ಮಕರದ ಮುಖವೇ ಬೇರೆ. ಜಿಂಕೆ ಯಾರನ್ನು ನುಂಗೀತು? ಸಂಕ್ರಾಂತಿಯ ದಿನ ಸೂರ್ಯ ಮಕರಕ್ಕೆ ಬಂದ ಅಂತ ನಾವೆಲ್ಲ ಎಳ್ಳು ಬೆಲ್ಲ ಹಂಚುತ್ತೇವೆ. ಸೂರ್ಯ ಮೊಸಳೆಯ ಬಾಯಿಗೆ ಬಿದ್ದ ಅಂತ ಯಾರಾದರೂ ಅಳುತ್ತಾರೆಯೇ?

ಚಂದ್ರ ಸುಮಾರು 27 ದಿನಕ್ಕೊಮ್ಮೆ ಮಕರ ರಾಶಿಗೆ ಬಂದು ಎರಡೂಕಾಲು ದಿನ ಇರುತ್ತಾನೆ. ಆ ಹೊತ್ತಿನಲ್ಲಿ ಹುಟ್ಟಿದ ಮಕ್ಕಳೆಲ್ಲರದೂ ಮಕರ ರಾಶಿಯೇ. ನಿಮ್ಮ ಮಗನ ತರಗತಿಯಲ್ಲೇ ಮೂರು ನಾಲ್ಕು ಮಕ್ಕಳಿರಬಹುದು. ಅವರ ಮನೆಗಳಲ್ಲಿ ಪ್ರಭಾವಳಿ ಇಲ್ಲವೇ? ಅವರು ಹಬ್ಬದ ದಿನ ದೇವಸ್ಥಾನಕ್ಕೆ ಹೋಗುವುದಿಲ್ಲವೇ? ಪ್ರಭಾವಳಿ ಇಲ್ಲದ ಉತ್ಸವಮೂರ್ತಿಯನ್ನು ನಮ್ಮ ನಾಡಿನಲ್ಲಿ ಹುಡುಕುವುದೇ ಕಷ್ಟ. ಮಕರ ರಾಶಿಯವರಿಗೆ ಮಕರದ ಮುಖ ಆಗದು ಅನ್ನುವುದಾದರೆ ಅವರೆಲ್ಲ ದೇವರ ದರ್ಶನವನ್ನೇ ಬಿಡಬೇಕಾಗುತ್ತಿತ್ತು.

ತಾಯೀ, ನಿಮ್ಮ ಕಾಗದದಲ್ಲಿ ನೀವೇ ಬರೆದು ನೀವೇ ಗಮನಿಸದೇ ಹೋದ ಒಂದು ಮಾತಿದೆ. ಮಗನ ನಕ್ಷತ್ರ ಶ್ರವಣ ಅಂದಿರಿ. ನಿಮ್ಮ ಮನೆಯ ದೇವರು ವೆಂಕಟರಮಣ ಅಂದಿರಿ. ತಿರುಮಲೆಯ ಶ್ರೀನಿವಾಸನ ಜನ್ಮನಕ್ಷತ್ರ ಯಾವುದು? ಸಂಪ್ರದಾಯದಲ್ಲಿ ಹೇಳುವುದು ಶ್ರವಣವನ್ನೇ. ಬ್ರಹ್ಮೋತ್ಸವದ ಕೊನೆಯ ಚಕ್ರಸ್ನಾನ ನಡೆಯುವುದೂ ಶ್ರವಣದ ದಿನ. ಶ್ರವಣದ ನಾಲ್ಕೂ ಪಾದ ಮಕರ ರಾಶಿಯಲ್ಲೇ ಇವೆ. ಅಂದರೆ ನಿಮ್ಮ ದೇವರ ಮನೆಯಲ್ಲಿ ನಿಂತಿರುವ ಸ್ವಾಮಿಯದೂ ನಿಮ್ಮ ಮಗನದೂ ಒಂದೇ ನಕ್ಷತ್ರ, ಒಂದೇ ರಾಶಿ. ಆ ಸ್ವಾಮಿ ಇಷ್ಟು ವರ್ಷ ಆ ಎರಡು ಮಕರಗಳ ನಡುವೆಯೇ ನಿಂತಿದ್ದಾನೆ. ಅಷ್ಟೇ ಅಲ್ಲ, ಕಿವಿಯಲ್ಲಿ ಧರಿಸಿರುವುದೂ ಮಕರಕುಂಡಲ. ಹೆದರಿಕೆಯ ವಸ್ತುವಾಗಿದ್ದರೆ ಅದನ್ನು ಕಿವಿಯಲ್ಲಿ ಹಾಕಿಕೊಳ್ಳುತ್ತಿದ್ದನೇ? ಈ ಒಂದು ಮಾತನ್ನು ಹುಡುಗನಿಗೆ ತಪ್ಪದೇ ಹೇಳಿ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತ ತನ್ನ ವಿಭೂತಿಗಳನ್ನು ಹೇಳುವಾಗ, ಜಲಚರಗಳಲ್ಲಿ ತಾನು ಮಕರ ಎಂದೂ ನದಿಗಳಲ್ಲಿ ಗಂಗೆ ಎಂದೂ ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ.

ಹಾಗಾದರೆ ಪ್ರಭಾವಳಿಯಲ್ಲಿ ಬಾಯಿ ತೆರೆದುಕೊಂಡು ಯಾಕೆ ಕೂತಿದೆ? ಇದೇ ಹುಡುಗನ ಪ್ರಶ್ನೆ. ಉತ್ತರವನ್ನು ನಾನು ಹೇಳುವುದಕ್ಕಿಂತ ಅವನೇ ನೋಡಲಿ. ಪ್ರಭಾವಳಿಯನ್ನು ಕೆಳಗಿಟ್ಟು, ಮಕರದ ಬಾಯಿಂದ ಶುರುಮಾಡಿ ಬೆರಳಿಟ್ಟು ಮೇಲಕ್ಕೆ ಹೋಗಲು ಹೇಳಿ. ಬಾಯಿಂದ ಒಂದು ಬಳ್ಳಿಯೋ ಎಲೆಯ ಸಾಲೋ ಹೊರಟಿರುತ್ತದೆ. ಅದು ಕಮಾನಾಗಿ ಏರಿ ಸ್ವಾಮಿಯ ತಲೆಯ ಮೇಲೆ ಕೀರ್ತಿಮುಖವನ್ನು ಮುಟ್ಟುತ್ತದೆ. ಆಚೆ ಕಡೆಯ ಮಕರದಿಂದಲೂ ಹಾಗೇ. ಆ ಬಾಯಿಗೆ ಏನೂ ಹೋಗುತ್ತಿಲ್ಲ. ಬಾಯಿಂದ ಹೊರಗೆ ಬರುತ್ತಿದೆ. ಅದು ನುಂಗುತ್ತಿಲ್ಲ, ಕೊಡುತ್ತಿದೆ. ನೀರಿನಿಂದ ಬಳ್ಳಿ, ಬಳ್ಳಿಯಿಂದ ಹೂವು, ಹೂವಿನಿಂದ ದೇವರಿಗೆ ನೆರಳು. ತೋಟ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ಗೊನೆ ಮರದ ಮೇಲಿದ್ದರೂ ಅದು ಹುಟ್ಟಿದ್ದು ಬುಡಕ್ಕೆ ಹಾಯಿಸಿದ ನೀರಿನಿಂದ ತಾನೇ? ಇದನ್ನೇ ಮಕರತೋರಣ ಅನ್ನುವುದು.

ಮೇಲಿನ ಕೋರೆಹಲ್ಲಿನ ಮುಖಕ್ಕೂ ಕಥೆಯಿದೆ. ಜಲಂಧರ ರಾಹುವನ್ನು ದೂತನಾಗಿ ಕಳಿಸಿ ಪಾರ್ವತಿಯನ್ನು ಒಪ್ಪಿಸು ಎಂದು ಶಿವನಿಗೆ ಹೇಳಿಸಿದನಂತೆ. ಶಿವನ ಕೋಪದಿಂದ ಘೋರ ಹಸಿವಿನ ಒಂದು ಭೂತ ಹುಟ್ಟಿ ರಾಹುವನ್ನು ತಿನ್ನಲು ಹೋಯಿತು. ರಾಹು ಶರಣು ಬಂದ. ಬಂದವನನ್ನು ಶಿವ ಕಾಪಾಡಿದ. "ನನ್ನ ಹಸಿವಿಗೆ ಏನು ಗತಿ?" ಅಂತ ಭೂತ ಕೇಳಿದಾಗ, ನಿನ್ನ ಮೈಯನ್ನೇ ತಿನ್ನು ಅಂದ. ಅದು ಹಾಗೇ ಮಾಡಿ, ಕೊನೆಗೆ ಮುಖ ಮಾತ್ರ ಉಳಿಯಿತು. ಶಿವ ಮೆಚ್ಚಿ ಕೀರ್ತಿಮುಖ ಅಂತ ಹೆಸರಿಟ್ಟು ಬಾಗಿಲಲ್ಲಿ ನಿಲ್ಲಿಸಿಕೊಂಡ. ತನ್ನ ಹಸಿವನ್ನು ತಾನೇ ಗೆದ್ದದ್ದು ಅದು. ಅದು ನಿಮ್ಮ ಮನೆಯ ಮಗುವನ್ನು ಯಾಕೆ ನೋಡೀತು?

ಬೇಲೂರಿಗೆ ಹೋದರೆ ಮಗನನ್ನು ಕರೆದುಕೊಂಡು ಹೋಗಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಬಾಗಿಲ ಮೇಲೆ ಎರಡು ಕಡೆ ಮಕರಗಳಿವೆ. ಅವುಗಳ ಬೆನ್ನ ಮೇಲೆ ವರುಣ ದಂಪತಿಗಳು ಕೂತಿದ್ದಾರೆ. ಹಳೇಬೀಡಿನ ಗೋಡೆಯ ಬುಡದಲ್ಲಿ ಆನೆಗಳ ಸಾಲು ಎಲ್ಲಕ್ಕಿಂತ ಕೆಳಗೆ, ಮೇಲಕ್ಕೆ ಹೋದಂತೆ ಮಕರಗಳ ಸಾಲು, ಅದರ ಮೇಲೆ ಹಂಸಗಳ ಸಾಲು. ಒಂಬೈನೂರು ವರ್ಷ ಆ ಬಾಗಿಲಿನ ಕೆಳಗೆ ಎಲ್ಲ ರಾಶಿಯ ಮಕ್ಕಳೂ ಅಪ್ಪನ ಹೆಗಲ ಮೇಲೆ ಕೂತು ಒಳಗೆ ಹೋಗಿ ಬಂದಿದ್ದಾರೆ.

ಶಿವನ ಗುಡಿಯ ಮಾತು ಕೇಳಿದಿರಿ. ಗರ್ಭಗುಡಿಯ ಉತ್ತರಕ್ಕೆ ಅಭಿಷೇಕದ ನೀರು ಹೊರಗೆ ಬರುವ ಕಲ್ಲಿನ ದೋಣಿ ಇರುತ್ತದೆ. ಕೆಲವು ಕಡೆ ಅದಕ್ಕೆ ಮಕರದ ಮುಖ, ಕೆಲವು ಕಡೆ ಹಸುವಿನ ಮುಖ. ಅದನ್ನು ದಾಟದೆ, ಅಲ್ಲಿಯವರೆಗೆ ಹೋಗಿ ತಿರುಗಿ ಬರುವುದಕ್ಕೆ ಸೋಮಸೂತ್ರ ಪ್ರದಕ್ಷಿಣೆ ಅನ್ನುತ್ತಾರೆ. ದಾಟಬಾರದು ಅನ್ನುವುದು ಅಲ್ಲಿ ಕೆಡುಕಿದೆ ಅಂತಲ್ಲ. ಸ್ವಾಮಿಯ ಮೈ ಮುಟ್ಟಿ ಬಂದ ತೀರ್ಥವನ್ನು ಕಾಲಿನಿಂದ ದಾಟಬಾರದು ಅನ್ನುವ ಗೌರವ. ಊಟಕ್ಕೆ ಹಾಕಿದ ಎಲೆಯನ್ನು ದಾಟುತ್ತೇವೆಯೇ? ಇಲ್ಲ. ಎಲೆ ಅಶುಭ ಅಂತಲೇ? ಅಲ್ಲವಲ್ಲ. ಅಷ್ಟೇ ಇದು. ಗೌರವಕ್ಕೆ ಬಿಟ್ಟದ್ದನ್ನು ಭಯಕ್ಕೆ ಬಿಟ್ಟದ್ದು ಅಂತ ತಿಳಿದುಕೊಂಡರೆ ಧರ್ಮವೆಲ್ಲ ದೆವ್ವದ ಕಥೆಯಾಗಿಬಿಡುತ್ತದೆ.

ಇನ್ನೊಂದು ಮಾತು. ನೀವು ಬೋರ್‌ವೆಲ್ ಕೊರೆಸುವಾಗ ಗಂಗೆ ಪೂಜೆ ಮಾಡಿಯೇ ಇರುತ್ತೀರಿ. ನಿಮ್ಮ ಸೀಮೆಯವರಿಗೆ ನೀರಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1907ರಲ್ಲಿ ಕಟ್ಟಿ ಮುಗಿದ ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ ಕಾದು ನೋಡಿದ ನೀರು ಅದು. ಆ ನೀರಿನ ತಾಯಿ ಗಂಗೆಯ ವಾಹನ ಯಾವುದು? ಮಕರ. ವರುಣನ ವಾಹನ? ಮಕರ. ಗಂಗಮ್ಮ ಬಾ ಅಂತ ಕರೆದು, ಅವಳು ಹತ್ತಿ ಬರುವ ವಾಹನವನ್ನು ಮಾತ್ರ ಪಾತ್ರೆ ಅಂಗಡಿಗೆ ಹಾಕಿದರೆ ಅವಳು ಬರುವುದು ಹೇಗೆ?

ಹಾಗಂತ ನೀರಿನಲ್ಲಿ ಅಪಾಯವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ನಿಮ್ಮ ತಾಯಿ ಮನಸ್ಸು ಹೆದರಿದ್ದು ಸರಿಯಾಗಿಯೇ ಇದೆ, ಬೆರಳು ತೋರಿಸಿದ ಕಡೆ ಮಾತ್ರ ತಪ್ಪು. ಭಾಗವತದ ಎಂಟನೆಯ ಸ್ಕಂಧದ ಗಜೇಂದ್ರನ ಕಥೆ ನಿಮಗೆ ಗೊತ್ತು. ನೆಲದ ಮೇಲೆ ಅವನಿಗೆ ಎದುರಿಲ್ಲ. ಆದರೆ ಸರೋವರಕ್ಕೆ ಇಳಿದ ಮೇಲೆ ಬಲ ಮೊಸಳೆಯದಾಯಿತು. ನೀರಿನಲ್ಲಿ ನೆಲದ ಬಲ ನಡೆಯುವುದಿಲ್ಲ ಅನ್ನುವುದನ್ನು ಆ ಕಥೆ ಹೇಳುತ್ತದೆ. ನಮ್ಮ ಕೃಷಿ ಹೊಂಡಗಳೂ ಹಾಗೇ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಪಾಚಿ ಕಟ್ಟಿದ ಮೇಲೆ ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ಈ ಅಪಾಯಕ್ಕೆ ರಾಶಿ ಗೊತ್ತಿಲ್ಲ. ಮೇಷ ರಾಶಿಯ ಮಗುವೂ ಜಾರುತ್ತದೆ, ಮೀನ ರಾಶಿಯ ಮಗುವೂ ಜಾರುತ್ತದೆ. ಗಂಡಾಂತರ ಇರುವುದು ಅಲ್ಲಿ. ದೇವರ ಮನೆಯ ಹಿತ್ತಾಳೆಯಲ್ಲಿ ಅಲ್ಲ. ಪ್ರಭಾವಳಿಯನ್ನು ಮಾರಿ, ಹೋಮ ಮಾಡಿಸಿ, ಪರಿಹಾರವಾಯಿತು ಅಂತ ನೆಮ್ಮದಿಯಾಗಿ ಕೂತು, ಹೊಂಡಕ್ಕೆ ಬೇಲಿ ಹಾಕದೇ ಬಿಟ್ಟರೆ, ಅದೇ ದೊಡ್ಡ ಅನರ್ಥ.

ಆದ್ದರಿಂದ ನೀವು ಮಾಡಬೇಕಾದದ್ದನ್ನು ಹೇಳುತ್ತೇನೆ. ಹೋಮಕ್ಕೆ ಅಂತ ಎತ್ತಿಟ್ಟ ಹಣದಲ್ಲಿ ಮೊದಲು ಹೊಂಡದ ಸುತ್ತ ತಂತಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಹಾಕಿ. ಏರಿಯ ಮೇಲೆ ಗಟ್ಟಿ ಗೂಟ ನೆಟ್ಟು ದಪ್ಪ ಹಗ್ಗವನ್ನು ಗಂಟು ಗಂಟಾಗಿ ಕಟ್ಟಿ ನೀರಿನೊಳಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದು ಅಲ್ಲೇ ಇರಲಿ. ಹುಡುಗನನ್ನು ನೀರಿನಿಂದ ದೂರ ಇಡುವುದಕ್ಕಿಂತ, ಈಜು ಬಲ್ಲ ಹಿರಿಯರ ಜೊತೆಯಲ್ಲಿ ಸುರಕ್ಷಿತವಾದ ಕಡೆ ಈಜು ಕಲಿಸಿ. ಹೊಂಡದಲ್ಲಿ ಮಾತ್ರ ಬೇಡ. ಇದು ಧರ್ಮದ ಅಂಕಣ, ಈಜಿನ ಮಾತು ಯಾಕೆ ಅನ್ನಬೇಡಿ. ಮಕ್ಕಳನ್ನು ಕಾಯುವುದಕ್ಕಿಂತ ದೊಡ್ಡ ಗೃಹಸ್ಥಧರ್ಮ ಯಾವುದಿದೆ?

ಆಮೇಲೆ ಒಂದು ಶನಿವಾರ, ವೆಂಕಟರಮಣನ ವಾರ, ಬೆಳಿಗ್ಗೆ ಪ್ರಭಾವಳಿಯನ್ನು ಇಳಿಸಿ ಹುಣಸೆಹಣ್ಣು ಹಾಕಿ ತೊಳೆಯಿರಿ. ತೊಳೆಯುವ ಕೆಲಸಕ್ಕೆ ಮಗನನ್ನೂ ಸೇರಿಸಿಕೊಳ್ಳಿ. ಮಕರದ ಬಾಯೊಳಗೆ ವರ್ಷಗಟ್ಟಲೆಯ ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿರುತ್ತದೆ. ಬೆರಳು ಹಾಕಿ ಅವನೇ ತೆಗೆಯಲಿ. ಬಲವಂತ ಬೇಡ, ನೀವು ಮೊದಲು ಮಾಡಿ ತೋರಿಸಿ, ಅವನಾಗಿ ಬರುತ್ತಾನೆ. ಯಾವುದಾದರೂ ಕಡೆ ಬೆಸುಗೆ ಬಿಟ್ಟಿದ್ದರೆ ಹೆದರಬೇಡಿ. ಭಿನ್ನವಾದ ಮೂರ್ತಿಗೆ ಹೇಳುವ ನಿಯಮವನ್ನು ಪ್ರಭಾವಳಿಗೆ ಹಚ್ಚಬೇಕಾಗಿಲ್ಲ. ಕಂಚುಗಾರರಿಂದ ಸರಿ ಮಾಡಿಸಿ. ಒರೆಸಿ, ಸ್ವಾಮಿಯ ಹಿಂದೆ ನಿಲ್ಲಿಸಿ, ಮೊದಲು ಸ್ವಾಮಿಗೆ, ಆಮೇಲೆ ಎರಡು ಮಕರಗಳಿಗೂ ಕೀರ್ತಿಮುಖಕ್ಕೂ ಅರಿಶಿನ ಕುಂಕುಮ, ಒಂದೊಂದು ಹೂವು ಇಡಿ. ಮಗನ ಕೈಯಲ್ಲಿ ಒಂದು ತುಪ್ಪದ ದೀಪ ಹಚ್ಚಿಸಿ. ಮಂತ್ರ ಬಾರದಿದ್ದರೆ "ಗೋವಿಂದ" ಅಂದರೆ ಸಾಕು.

ನಿಮ್ಮ ಅತ್ತೆಯವರು ಮಕರ ಪದಕ್ಕೆ ಎಷ್ಟು ಅರ್ಥ ಅಂತ ಎಣಿಸಿರಲಿಕ್ಕಿಲ್ಲ. ದಿನಾ ಬೆಳಿಗ್ಗೆ ಆ ಎರಡು ಮುಖಗಳಿಗೂ ಕುಂಕುಮ ಇಟ್ಟು, ಸ್ವಾಮಿಯನ್ನು ನೋಡಿ, ಮನೆಯವರು ಚೆನ್ನಾಗಿರಲಿ ಅಂದಿರುತ್ತಾರೆ. ಆ ಮನೆಯವರಲ್ಲಿ ಈ ಮೊಮ್ಮಗನೂ ಇದ್ದ. ಅಜ್ಜಿ ಮುಟ್ಟಿ ಮುಟ್ಟಿ ನುಣುಪಾಗಿರುವ ಹಿತ್ತಾಳೆ ಅದು. ಇವತ್ತು ರಾತ್ರಿ ಅವನು ಮತ್ತೆ ಅದೇ ಪ್ರಶ್ನೆ ಕೇಳಿದರೆ, "ಇಲ್ಲ ಮಗನೇ, ಅದು ನಿನ್ನ ಅಜ್ಜಿಗೆ ಗೊತ್ತಿದ್ದ ಕಾವಲು" ಅನ್ನಿ. ನಿಮಗೂ ಅವನಿಗೂ ಶುಭವಾಗಲಿ.